ವ್ಯೂಫೈಂಡರ್ ಬೇಕೆನ್ನುವ ಮಕ್ಕಳಿಗೆ ಮೊದಲು ಒಂದು ರಟ್ಟು ಕೊಡೋಣ

ಮಂಗಳೂರು, ಬಂಟ್ವಾಳ, ಪುತ್ತೂರು, ಉಡುಪಿ ಕಡೆಯಿಂದ ವ್ಯಾಪಾರ, ಉದ್ಯೋಗ ಅಂತ ಬಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಸುತ್ತಮುತ್ತ ಮನೆ ಮಾಡಿಕೊಂಡಿರುವ ನಾವು ಮನೆಯೊಳಗೆ ಬ್ಯಾರಿಯನ್ನೇ ಮಾತಾಡುತ್ತೇವೆ. ಆದರೆ ಉಮ್ಮ ಬ್ಯಾರಿಯಲ್ಲಿ ಕೇಳಿದ್ದಕ್ಕೆ ಮಕ್ಕಳು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವ ಮನೆಗಳೂ ನಮ್ಮಲ್ಲಿ ಉಂಟು. ಇಂಥ ಹೊತ್ತಿನಲ್ಲಿ ಕಾಲೇಜಿನ ಮಕ್ಕಳು "ಬ್ಯಾರಿಯಲ್ಲಿ ಒಂದು ಕಿರುಚಿತ್ರ ಮಾಡ್ತೇವೆ" ಅಂತ ಹೇಳಿದರೆ ಕೂಡಲೇ ಬೈದು ಕೂರಿಸುವುದು ಬೇಡ, ಕೇಳಿ ನೋಡೋಣ.

ನಮ್ಮ ಭಾಷೆಯ ಮೊದಲ ಚಲನಚಿತ್ರ 'ಬ್ಯಾರಿ' 2011ರದ್ದು. ಸುವೀರನ್ ನಿರ್ದೇಶಿಸಿದ ಈ ಚಿತ್ರಕ್ಕೆ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರವೆಂಬ ಸ್ವರ್ಣ ಕಮಲ ಬಂತು. ಮರಾಠಿಯ 'ದೇವೂಳ್' ಜೊತೆ ಅದನ್ನು ಹಂಚಿಕೊಂಡಿತು. ಚಿತ್ರದ ಕತೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಸ್ವಂತ ಲಿಪಿಯ ಬಳಕೆ ಇಲ್ಲದೆ ಕನ್ನಡ ಅಕ್ಷರದಲ್ಲಿ ಬರೆಯುವ ನಮ್ಮ ಭಾಷೆಯ ಹೆಸರು ಅಂದು ದೇಶಕ್ಕೆಲ್ಲ ಕೇಳಿಸಿತು.

ಈಗ ಖರ್ಚಿನ ವಿಷಯಕ್ಕೆ ಬರೋಣ. ಕತೆ ಬರೆದು ಮುಗಿಸುವ ಮೊದಲೇ ಮಕ್ಕಳ ಕೈಯಲ್ಲಿ ಸಾಮಾನಿನ ಪಟ್ಟಿ ಇರ್ತದೆ. ಅದರಲ್ಲಿ ಒಂದು, ಡೈರೆಕ್ಟರ್ಸ್ ವ್ಯೂಫೈಂಡರ್. ನಿರ್ದೇಶಕರು ಕುತ್ತಿಗೆಗೆ ನೇತುಹಾಕಿಕೊಂಡು ಒಂದು ಕಣ್ಣಿಗೆ ಹಿಡಿದು ನೋಡುವ ಸಣ್ಣ ಕೊಳವೆ ಅದು. ಅದು ಚಿತ್ರ ತೆಗೆಯುವುದಿಲ್ಲ. ಕ್ಯಾಮೆರಾ ಎಲ್ಲಿಡಬೇಕು, ಯಾವ ಲೆನ್ಸ್ ಹಾಕಿದರೆ ಎಷ್ಟು ಕಾಣ್ತದೆ ಎಂಬುದನ್ನು ಕ್ಯಾಮೆರಾ ಬಾಡಿಗೆಗೆ ತರುವ ಮೊದಲೇ ತೋರಿಸಿಕೊಡ್ತದೆ, ಅಷ್ಟೇ. ಹಾಲಿವುಡ್‌ನ ಆಲನ್ ಗಾರ್ಡನ್ ಕಂಪನಿಯ ವ್ಯೂಫೈಂಡರಿಗೆ ನೂರಾರು ಡಾಲರ್ ಬೆಲೆ. ತರಿಸಿಕೊಂಡರೆ ಸುಂಕ ಬೇರೆ.

ಇದರ ಉಪಯೋಗ ಇಲ್ಲವೆಂದಲ್ಲ. ನಮ್ಮ ಏರಿಯಾದ 20×30 ಸೈಟಿನ ಮನೆಯ ಹಾಲ್‌ನಲ್ಲಿ ಗೋಡೆಯಿಂದ 8 ಅಡಿ ಹಿಂದೆ ನಿಂತಿದ್ದೇವೆ ಅಂತ ಇಟ್ಟುಕೊಳ್ಳಿ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 50 ಎಂ.ಎಂ. ಲೆನ್ಸ್ ಹಾಕಿದರೆ ಗೋಡೆಯ ಸುಮಾರು 5 ಮುಕ್ಕಾಲು ಅಡಿ ಅಗಲ ಕಾಣ್ತದೆ, 24 ಎಂ.ಎಂ. ಹಾಕಿದರೆ 12 ಅಡಿ. ಇದು ಗೊತ್ತಿಲ್ಲದೆ ಬಾಡಿಗೆಗೆ ತಪ್ಪು ಲೆನ್ಸ್ ತಂದರೆ ಆ ದಿನದ ದುಡ್ಡು ಹೋಯಿತು.

ಆದರೆ ಇದೇ ಲೆಕ್ಕವನ್ನು ಒಂದು ರಟ್ಟಿನ ತುಂಡಿನಲ್ಲೂ ಮಾಡಬಹುದು. ರಟ್ಟಿನ ನಡುವೆ 7.2 ಸೆಂ.ಮೀ. ಅಗಲ, 4.05 ಸೆಂ.ಮೀ. ಎತ್ತರದ ಕಿಂಡಿ ಕತ್ತರಿಸಿ. ಇದು ಟಿ.ವಿ. ಪರದೆಯ 16:9 ಅಳತೆ. ರಟ್ಟಿಗೆ ಒಂದು ನೂಲು ಕಟ್ಟಿ, 7, 10, 17 ಸೆಂ.ಮೀ. ದೂರದಲ್ಲಿ ಗಂಟು ಹಾಕಿ. ಒಂದು ಕಣ್ಣು ಮುಚ್ಚಿ, ಗಂಟನ್ನು ತೆರೆದ ಕಣ್ಣಿನ ಪಕ್ಕಕ್ಕೆ ಹಿಡಿದು ನೂಲು ಬಿಗಿಯಾಗುವಷ್ಟು ರಟ್ಟನ್ನು ಮುಂದೆ ಚಾಚಿ. 7ರ ಗಂಟು 35 ಎಂ.ಎಂ. ಲೆನ್ಸಿನ ನೋಟ, 10ರದ್ದು 50, 17ರದ್ದು 85. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂ.ಎಂ., ಕಿಂಡಿ ಅದರ ಎರಡರಷ್ಟು. ಹಾಗಾಗಿ ದೂರವೂ ಲೆನ್ಸಿನ ಅಳತೆಯ ಎರಡರಷ್ಟು. ಸಣ್ಣ ಸೆನ್ಸರಿನ ಎ.ಪಿ.ಎಸ್.-ಸಿ ಕ್ಯಾಮೆರಾ ಆದರೆ ಹೆಚ್ಚುಕಡಿಮೆ ಮೂರರಷ್ಟು ದೂರ ಹಿಡಿಯಬೇಕು.

ಎರಡನೆಯ ದಾರಿ ಫೋನ್. ಫೋನಿನಲ್ಲೇ ಶೂಟಿಂಗ್ ಮಾಡುವುದಾದರೆ ಆ ಫೋನೇ ವ್ಯೂಫೈಂಡರ್, ಬೇರೆ ಏನೂ ಬೇಡ. ಬೇರೆ ಕ್ಯಾಮೆರಾ ಆದರೆ ಆರ್ಟೆಮಿಸ್, ಕ್ಯಾಡ್ರಾಜ್‌ನಂಥ ಆ್ಯಪ್‌ಗಳಿವೆ. ಕ್ಯಾಮೆರಾ, ಲೆನ್ಸ್ ಯಾವುದೆಂದು ಆರಿಸಿದರೆ ಚೌಕಟ್ಟು ತೋರಿಸ್ತದೆ. ಫೋನಿನ ಲೆನ್ಸಿಗೆ ಕಾಣುವುದಕ್ಕಿಂತ ಅಗಲದ ನೋಟವನ್ನು ಮಾತ್ರ ತೋರಿಸಲಾರದು.

ಇಷ್ಟಾದ ಮೇಲೂ ಕೊಳವೆಯೇ ಬೇಕೆಂದರೆ ಸೆಕೆಂಡ್‌ಹ್ಯಾಂಡ್ ನೋಡಿ. ಬೆಳಕಿಗೆ ಹಿಡಿದು ಗಾಜಿನಲ್ಲಿ ಬೂಷ್ಟು ಉಂಟಾ, ಝೂಮ್ ಬಳೆ ಸಡಿಲವಾಗಿದೆಯಾ ಪರೀಕ್ಷಿಸಿ. ಹಳೆಯವುಗಳಲ್ಲಿ 16 ಎಂ.ಎಂ., 35 ಎಂ.ಎಂ. ಫಿಲ್ಮಿನ ಗುರುತು ಮಾತ್ರ ಇರಬಹುದು. ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತದಾ ಕೇಳಿ. ಬೆಳಕಿನ ಏರಿಳಿತ ನೋಡುವ ಕಪ್ಪು ಗಾಜೂ ಹೀಗೇ ಕುತ್ತಿಗೆಗೆ ನೇತಾಡ್ತದೆ, ಆದರೆ ಅದರ ಕೆಲಸ ಬೇರೆ. ಎರಡನ್ನೂ ಬೆರೆಸಿಕೊಳ್ಳಬೇಡಿ.

ಕತ್ತಲ ಕೋಣೆಯ ಸಣ್ಣ ರಂಧ್ರದಿಂದ ಬೆಳಕು ಬಂದು ಎದುರು ಗೋಡೆಯಲ್ಲಿ ಹೊರಗಿನ ಚಿತ್ರ ಹೇಗೆ ಮೂಡುತ್ತದೆಂದು ಸಾವಿರ ವರ್ಷದ ಹಿಂದೆಯೇ ಪರೀಕ್ಷಿಸಿ ಬರೆದವರು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಥಮ್. ಅವರ 'ಕಿತಾಬುಲ್ ಮನಾಝಿರ್' ಬೆಳಕು ಮತ್ತು ನೋಟದ ಶಾಸ್ತ್ರಕ್ಕೆ ಅಡಿಪಾಯದಂಥ ಗ್ರಂಥ. ನೋಡುವುದನ್ನು ಕಲಿಯುವುದು ನಮಗೆ ಹೊಸ ವಿಷಯ ಅಲ್ಲ.

ಆದರೆ ನೋಟಕ್ಕೂ ಅದಬ್ ಉಂಟು. ಸೂರಃ ಅನ್ನೂರ್‌ನಲ್ಲಿ ಇನ್ನೊಬ್ಬರ ಮನೆಗೆ ಅನುಮತಿ ಕೇಳಿ, ಸಲಾಂ ಹೇಳಿಯೇ ಹೋಗಬೇಕೆಂಬ ಆಜ್ಞೆ ಇದೆ. ದೃಷ್ಟಿ ತಗ್ಗಿಸಬೇಕೆಂಬ ಆಜ್ಞೆ ಅದರ ಹಿಂದೆಯೇ ಬರುತ್ತದೆ. ಕ್ಯಾಮೆರಾ ಕೂಡ ಒಂದು ಬಾಗಿಲು. ಪಕ್ಕದ ಮನೆಯ ಟೆರೇಸು, ಅಡುಗೆಮನೆಯಲ್ಲಿರುವ ಉಮ್ಮ, ಮಯ್ಯಿತ್ತಿನ ಮನೆಯ ಅಳು, ಇವು ಕೇಳದೆ ಚೌಕಟ್ಟಿನೊಳಗೆ ಬರಬಾರದು. ರೀಲ್ಸ್ ಕಾಲದಲ್ಲಿ ಇದನ್ನು ಹೇಳಿಕೊಡಬೇಕಾದವರು ಮದ್ರಸದಲ್ಲಿ ನಾವು, ಮನೆಯಲ್ಲಿ ನೀವು.

ಹಾಗಾದರೆ ಉಪ್ಪ, ಉಮ್ಮಂದಿರು ಏನು ಮಾಡಬೇಕು? ಸಾಲ ಮಾಡಿ ಸಾಮಾನು ತೆಗೆಸಿಕೊಡಬೇಡಿ, ಅದು ಇಸ್ರಾಫ್. "ಬೇಡ" ಅಂತ ಬಾಗಿಲು ಹಾಕಲೂ ಬೇಡಿ. ರಟ್ಟು, ಸ್ಕೇಲು, ನೂಲು ಕೊಟ್ಟು, ಅಸರ್ ನಮಾಝಿನ ನಂತರ ಬೆಳಕು ಮೆತ್ತಗಾಗುವ ಹೊತ್ತಿನಲ್ಲಿ ಮಹಡಿಗೆ ಕಳಿಸಿ. ಒಂದು ತಿಂಗಳು ಹತ್ತು ಶಾಟ್ ಬರೆದು ತರಲಿ, ಮಾತು ಬ್ಯಾರಿಯಲ್ಲೇ ಇರಲಿ. ಅರ್ಥ ಗೊತ್ತಿಲ್ಲದ ಪದ ಬಂದರೆ ಊರಲ್ಲಿರುವ ಅಜ್ಜಿಗೆ ಫೋನ್ ಮಾಡಿ ಕೇಳಲಿ. ತಿಂಗಳಾದ ಮೇಲೂ ಆ ಹುಮ್ಮಸ್ಸು ಉಳಿದಿದ್ದರೆ, ಉಳಿತಾಯದಲ್ಲಿ ಒಂದು ದಿನದ ಕ್ಯಾಮೆರಾ ಬಾಡಿಗೆ ಕೊಡುವ ಬಗ್ಗೆ ಆಗ ಕೂತು ಮಾತಾಡಬಹುದು.