ಅಜ್ಜ ದಾರಿಯಲ್ಲಿ ಏಕೆ ನಿಲ್ಲುತ್ತಾರೆ?

ಅಭ್ಯಾಸ ಬೋಧನೆಯ ಎರಡನೆಯ ವಾರ ಏಳನೆಯ ತರಗತಿಗೆ ರಕ್ತ ಪರಿಚಲನೆಯ ಪಾಠ ಮಾಡುತ್ತಿದ್ದೆ. ಪಾಠ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ನಮ್ಮಜ್ಜ ಡೈರಿಗೆ ಹಾಲು ಹಾಕೋಕೆ ಹೋಗುವಾಗ ದಾರೀಲಿ ಎರಡು ಸಲ ನಿಂತ್ಕೋತಾರೆ. ಮೀನಖಂಡ ಹಿಡ್ಕೊಳ್ಳುತ್ತಂತೆ. ನಿಂತರೆ ಸರಿಹೋಗುತ್ತಂತೆ. ಅದೂ ರಕ್ತದಿಂದಲೇನಾ?"

"ವಯಸ್ಸಾದ ಮೇಲೆ ಹಾಗೇ, ಕೂತ್ಕೋ" ಎಂದೆ. ಪಾಠ ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು, ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂದು ಟಿಪ್ಪಣಿಯಲ್ಲಿ ಬರೆದರು. ಓದಿ ನೋಡಿದಾಗ ನನ್ನ ಉತ್ತರ ತಪ್ಪೆಂದು ತಿಳಿಯಿತು.

ಕಾಲಿನ ಅಪಧಮನಿಯ ಗೋಡೆಯೊಳಗೆ ಕೊಬ್ಬು ಶೇಖರವಾದರೆ ದಾರಿ ಕಿರಿದಾಗುತ್ತದೆ. ಕುಳಿತಾಗ ಸ್ನಾಯುವಿಗೆ ಬೇಕಾದ ರಕ್ತ ಕಡಿಮೆ, ಅಷ್ಟು ಹೇಗೋ ಸಿಗುತ್ತದೆ. ನಡೆಯುವಾಗ ಬೇಡಿಕೆ ಹಲವು ಪಟ್ಟು ಏರುತ್ತದೆ. ಆಗ ಆಮ್ಲಜನಕ ಸಾಲದೆ ನೋವು ಬರುತ್ತದೆ. ಕೆಲವು ನಿಮಿಷ ನಿಂತರೆ ನೋವು ಇಳಿಯುತ್ತದೆ. ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಮರಳುತ್ತದೆ. ಕೀಲುನೋವು ಹೀಗೆ ಲೆಕ್ಕ ಇಟ್ಟಂತೆ ಬಂದು ಹೋಗುವುದಿಲ್ಲ. ಬೆನ್ನುಹುರಿಯ ನರ ಒತ್ತಿದ್ದರೂ ನಡೆದಾಗ ಕಾಲು ನೋಯುತ್ತದೆ. ಆದರೆ ಅವರಿಗೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು.

ನೋವು ಶುರುವಾಗುವ ಮೊದಲೇ ನಡಿಗೆ ಬದಲಾಗಿರುತ್ತದೆ. ಹಿಮ್ಮಡಿ ಎತ್ತಿ ದೇಹವನ್ನು ಮುಂದಕ್ಕೆ ತಳ್ಳುವುದು ಮೀನಖಂಡದ ಕೆಲಸ. ಅದು ಸೊರಗಿದರೆ ಹೆಜ್ಜೆ ಗಿಡ್ಡವಾಗುತ್ತದೆ, ವೇಗ ಇಳಿಯುತ್ತದೆ, ಎರಡೂ ಪಾದ ನೆಲದ ಮೇಲಿರುವ ಹೊತ್ತು ಹೆಚ್ಚುತ್ತದೆ.

ಮರುದಿನ ನನ್ನ ಉತ್ತರ ತಪ್ಪಾಗಿತ್ತೆಂದು ಮಕ್ಕಳಿಗೆ ಹೇಳಿಯೇ ಪಾಠ ಆರಂಭಿಸಿದೆ. ಎಲ್ಲರೂ ನಿಂತು 40 ಸಲ ಹಿಮ್ಮಡಿ ಎತ್ತಿ ಇಳಿಸಿದರು. ಮೀನಖಂಡ ಬಿಗಿಯಿತು, ನಿಂತಾಗ ಸಡಿಲಾಯಿತು. "ಅಜ್ಜನಿಗೆ ಬರೀ ನಡೆದರೇ ಹೀಗಾಗುತ್ತೆ" ಎಂದೆ. ನಂತರ ಹೂಳು ತುಂಬಿದ ಕಾಲುವೆಯ ಉದಾಹರಣೆ ಕೊಟ್ಟೆ: ಎಲ್ಲರೂ ಒಮ್ಮೆಲೇ ನಾಟಿಗೆ ನೀರು ಬಿಟ್ಟುಕೊಂಡರೆ ಕೊನೆಯ ಗದ್ದೆಗೆ ಸಾಲದು. ಮಕ್ಕಳಿಗೆ ಇದು ತಕ್ಷಣ ಹಿಡಿಸಿತು. ಆದರೆ ಒಬ್ಬ ಹುಡುಗ "ಹಾಗಾದ್ರೆ ಜಾಸ್ತಿ ನೀರು ಕುಡಿದ್ರೆ ಕೊಚ್ಚಿಹೋಗುತ್ತಾ?" ಎಂದ. ಕೊಬ್ಬು ಹೂಳಿನಂತೆ ತಳದಲ್ಲಿ ಕೂತಿರುವುದಿಲ್ಲ, ಗೋಡೆಯ ಒಳಪದರದಲ್ಲೇ ಬೆಳೆದಿರುತ್ತದೆ ಎಂದು ತಿದ್ದಬೇಕಾಯಿತು. ಈ ಉದಾಹರಣೆ ಬಳಸುವವರು ಇದನ್ನು ಮೊದಲೇ ಹೇಳುವುದು ಒಳ್ಳೆಯದು.

ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ ವೈದ್ಯರು ಈ ತೊಂದರೆ ಗುರುತಿಸುತ್ತಾರೆ. ಉತ್ತರ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಧಮನಿ ಕಿರಿದಾಗಿದೆ ಎಂದರ್ಥ. ತೋಳಿನಲ್ಲಿ 140, ಕಣಕಾಲಿನಲ್ಲಿ 98 ಇದ್ದರೆ ಎಷ್ಟು ಎಂದು ಕೇಳಿದೆ. "0.7" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು.

ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ ಇದರ ಮುಖ್ಯ ಕಾರಣಗಳು. ಇದೇ ತೊಂದರೆ ಹೃದಯದ ರಕ್ತನಾಳಗಳಲ್ಲೂ ಇರಬಹುದಾದ್ದರಿಂದ ವಯಸ್ಸೆಂದು ಬಿಟ್ಟುಬಿಡಬಾರದು. ಸಕ್ಕರೆ ಕಾಯಿಲೆಯವರಲ್ಲಿ ನರ ಮಂದವಾಗಿ ನೋವೇ ತಿಳಿಯದಿರಬಹುದು. ಅವರು ದಿನವೂ ಪಾದ ನೋಡಿಕೊಳ್ಳಬೇಕು. ಚಿಕಿತ್ಸೆಯಲ್ಲಿ ನಡಿಗೆಯೂ ಸೇರಿದೆ: ವೈದ್ಯರ ಸಲಹೆಯಂತೆ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು.

ವಾರದ ನಂತರ ಆ ಹುಡುಗಿ ಸಿಕ್ಕಳು. ಅಜ್ಜನನ್ನು ತಾಲ್ಲೂಕು ಆಸ್ಪತ್ರೆಗೆ ತೋರಿಸಿದ್ದರಂತೆ. "ನಡೀತಾರೆ ಮಿಸ್, ಬೀಡಿ ಮಾತ್ರ ಇನ್ನೂ ಬಿಟ್ಟಿಲ್ಲ" ಎಂದಳು. ಈಗ ನನ್ನ ಪಾಠ ಯೋಜನೆಯ ಕೊನೆಯಲ್ಲಿ ಮಕ್ಕಳ ಪ್ರಶ್ನೆಗೆಂದು ಐದು ನಿಮಿಷ ಇಡುತ್ತೇನೆ. ಗೊತ್ತಿಲ್ಲದಿದ್ದರೆ "ನಾಳೆ ಓದಿಕೊಂಡು ಬಂದು ಹೇಳ್ತೀನಿ" ಎನ್ನುತ್ತೇನೆ.