ಓಕೆ ಒತ್ತಿದವನದೇ ತಪ್ಪಂತೆ!

ದಾವಣಗೆರೆ: ಆ ಲಗ್ನಪತ್ರಿಕೆಯಲ್ಲಿ ಎಲ್ಲವೂ ಇತ್ತು. ಕುಲದೇವರ ಹೆಸರಿತ್ತು, ಗಂಡಿನ ಓದು ಉದ್ಯೋಗ ಇತ್ತು, ಹೆಣ್ಣಿನ ಸೋದರಮಾವಂದಿರ ಹೆಸರುಗಳು ಒಂದೂ ಬಿಡದೆ ಬಂದಿದ್ದವು. ಒಂದೇ ಒಂದು ಸಾಲು ಇರಲಿಲ್ಲ. ಹಿಂದಿನ ದಿನ ಸಂಜೆ ಏಳಕ್ಕೆ ಆರತಕ್ಷತೆ ಎಂಬ ಸಾಲು.

ಪತ್ರಿಕೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಬಸ್ಸು ಹತ್ತಿ ಊರೂರು ಹಂಚಲು ಶುರುಮಾಡಿ ಮೂರು ದಿನ ಆಗಿತ್ತು. ಹರಿಹರದ ನೆಂಟರೊಬ್ಬರು ಫೋನು ಮಾಡಿ, "ಏನ್ರೀ, ಆರತಕ್ಷತೆ ಇಟ್ಕೊಂಡಿಲ್ಲೇನು?" ಎಂದು ಕೇಳಿದಾಗಲೇ ಹುಡುಗಿಯ ತಂದೆಗೆ ಗೊತ್ತಾಗಿದ್ದು. ಅವರು ನೇರ ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಪ್ರೆಸ್ಸಿಗೆ ಬಂದರು. ಆಮೇಲೆ ಏನೇನು ಮಾತಾಯಿತು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಪಕ್ಕದ ಚಹಾ ಅಂಗಡಿಯವರು ಎದ್ದು ಬಂದು ನೋಡಿದರು ಎಂದರೆ ಸಾಕು.

ಆರುನೂರು ಪತ್ರಿಕೆ ಮತ್ತೆ ಅಚ್ಚಾಯಿತು. ಖರ್ಚು ಮಾಲೀಕರ ತಲೆಯ ಮೇಲೆ. ಅವರು ಅದರಲ್ಲಿ ಅರ್ಧವನ್ನು ಒಳಗಿನ ಕಂಪ್ಯೂಟರಿನ ಮುಂದೆ ಕೂರುವ ಹುಡುಗನ ಸಂಬಳದಲ್ಲಿ ಕಡಿದರು. ಹುಡುಗ ಕೆಲಸಕ್ಕೆ ಸೇರಿ ಎರಡು ವರ್ಷ. ಮನೆಯಲ್ಲಿ ಅವನ ಸಂಬಳವೇ ಆಧಾರ.

ಮಾಲೀಕರ ವಾದ ಸರಳ. "ಕಂಪ್ಯೂಟರು ಬಾಯಿ ಬಿಟ್ಟು ಹೇಳೈತ್ರಿ. ಈ ಫಾಂಟು ಇಲ್ಲ, ಬೇರೆ ಹಾಕ್ತೀನಿ ಅಂತ ಪರದೆ ಮೇಲೆ ಬಂದೈತಿ. ಇವನು ಓದಲಿಲ್ಲ. ಓಕೆ ಒತ್ತಿದ. ತಪ್ಪು ಯಾರದ್ದು ನೀವೇ ಹೇಳ್ರಿ."

ಹುಡುಗ ತಲೆ ತಗ್ಗಿಸಿಯೇ ಉತ್ತರ ಕೊಟ್ಟ. "ದಿನಾ ಬರ್ತೈತಿ ಸಾರ್. ಎಲ್ಲದಕ್ಕೂ ಬರ್ತೈತಿ. ಓದ್ಕಂತ ಕೂತ್ರೆ ಕೆಲ್ಸ ಆಗಲ್ಲ."

ಸುಳ್ಳೋ ನಿಜವೋ ನೋಡೋಣ ಎಂದು ಮರುದಿನ ಬೆಳಿಗ್ಗೆ ಅವನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತೆ. ಫೈಲು ತೆರೆದರೆ ಒಂದು ಬಾಕ್ಸು: ಈ ಫೈಲು ಹಳೆಯ ಆವೃತ್ತಿಯದು. ಓಕೆ. ಇನ್ನೊಂದು: ಫಾಂಟು ಸಿಗುತ್ತಿಲ್ಲ. ಓಕೆ. ಮತ್ತೊಂದು: ಚಿತ್ರದ ಬಣ್ಣ ಪರದೆಯದು, ಅಚ್ಚಿನದಲ್ಲ. ಓಕೆ. ಪ್ರಿಂಟು ಕೊಟ್ಟರೆ ಅಂಚು ಕಾಗದದಿಂದ ಹೊರಗಿದೆ ಎಂಬ ಇನ್ನೊಂದು. ಮುಚ್ಚಲು ಹೋದರೆ, ನೀವು ಏನನ್ನೂ ಮುಟ್ಟದಿದ್ದರೂ, ಬದಲಾವಣೆ ಉಳಿಸಬೇಕೋ ಎಂಬ ಪ್ರಶ್ನೆ. ಒಂದು ಗಂಟೆಯಲ್ಲಿ ಮೂವತ್ತೊಂದು ಸಲ ಎಣಿಸಿದೆ, ಆಮೇಲೆ ನನಗೇ ಬೇಸರವಾಗಿ ಬಿಟ್ಟೆ. ಹುಡುಗನ ಕಣ್ಣು ಪರದೆಯ ಮೇಲೆ ಇರಲೇ ಇಲ್ಲ. ಬಾಕ್ಸು ಮೂಡುವ ಮೊದಲೇ ಅವನ ಬೆರಳು ಎಂಟರ್ ಗುಂಡಿಯ ಮೇಲಿರುತ್ತಿತ್ತು. ಅಷ್ಟೂ ಬಾಕ್ಸುಗಳು ಇಂಗ್ಲಿಷಿನಲ್ಲಿ. ಹುಡುಗ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ.

ನಮ್ಮ ಖಾಸಗಿ ಬಸ್ಸಿನ ಡ್ರೈವರು ಹೊರಟಲ್ಲಿಂದ ಇಳಿಯುವ ತನಕ ಹಾರ್ನ್ ಬಿಡುವುದಿಲ್ಲ. ಯಾರಾದರೂ ದಾರಿ ಬಿಡುತ್ತಾರೆಯೇ? ಎಮ್ಮೆಯೂ ಬಿಡುವುದಿಲ್ಲ. "ಕೈ ತಲೆ ಹೊರಗೆ ಹಾಕಬೇಡಿ" ಎಂದು ಬರೆದ ಕಿಟಕಿಯಿಂದಲೇ ಅರ್ಧ ಬಸ್ಸು ತಲೆ ಹೊರಗೆ ಹಾಕಿ ಉಗುಳುತ್ತದೆ. ಇದೂ ಅದೇ ಕಥೆ.

ಸಾಲು ಹೋಗಿದ್ದೆಲ್ಲಿಗೆ?

ಪತ್ರಿಕೆಯನ್ನು ಕೂರಿಸಿದ್ದು ಮುಂದಿನ ಕಂಪ್ಯೂಟರಿನಲ್ಲಿ. ಹುಡುಗಿಯ ತಂದೆಗೆ ಮೊಬೈಲಿನಲ್ಲಿ ಕಳಿಸಿದ ಕರಡು ಅಲ್ಲಿಯದೇ. ಅದರಲ್ಲಿ ಆರತಕ್ಷತೆ ಇತ್ತು, ಅವರು ಸರಿ ಎಂದಿದ್ದರು. ಅಚ್ಚಿಗೆ ಕೊಡುವ ಕಂಪ್ಯೂಟರು ಒಳಗಿನದು. ಅದರಲ್ಲಿ ಆ ಫಾಂಟು ಇರಲಿಲ್ಲ. ಪ್ರೋಗ್ರಾಮು ಇನ್ನೊಂದು ಕನ್ನಡ ಫಾಂಟನ್ನು ತಂದು ಕೂರಿಸಿತು. ಪೂರಾ ಇಂಗ್ಲಿಷ್ ಫಾಂಟು ಕೂತಿದ್ದರೆ ಒಳ್ಳೆಯದಿತ್ತು. ನಮ್ಮ ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕುಳಿತಿರುವುದರಿಂದ, ಫಾಂಟು ತಪ್ಪಿದರೆ ಪುಟವೆಲ್ಲ ಅರ್ಥವಾಗದ ಗೀಚಾಗುತ್ತದೆ, ಕುರುಡನಿಗೂ ಕಾಣುತ್ತದೆ. ಇಲ್ಲಿ ಬಂದದ್ದು ಅಣ್ಣನ ಬದಲು ತಮ್ಮ. ಅಕ್ಷರ ಕೂದಲೆಳೆಯಷ್ಟು ಅಗಲ. ಒಂದೊಂದು ಸಾಲೂ ಸ್ವಲ್ಪ ಸ್ವಲ್ಪ ಉದ್ದವಾಗಿ, ಒಂದು ಪದ ಕೆಳಗಿಳಿದು, ಕೊನೆಯ ಸಾಲು ಚೌಕಟ್ಟಿನ ತಳದಿಂದ ಆಚೆ ಹೋಯಿತು. ಚೌಕಟ್ಟಿನಾಚೆ ಹೋದ ಸಾಲು ಅಚ್ಚಾಗುವುದಿಲ್ಲ.

ತಮಾಷೆ ಏನೆಂದರೆ, ಫಾಂಟು ಇಲ್ಲ ಎಂದು ಬೊಬ್ಬೆ ಹೊಡೆದ ಪ್ರೋಗ್ರಾಮು, ಸಾಲು ಮಾಯವಾದಾಗ ಬಾಕ್ಸು ತೋರಿಸಲೇ ಇಲ್ಲ. ಚೌಕಟ್ಟಿನ ತಳದಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುರುತು ಇಟ್ಟು ಸುಮ್ಮನಾಯಿತು. ಅಂಚಿನ ವಿಷಯಕ್ಕೆ ಡಂಗುರ, ಆರತಕ್ಷತೆಯ ವಿಷಯಕ್ಕೆ ಪಿಸುಮಾತು!

ಅದೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಕೂದಲು ಬೆಳ್ಳಗೆ ಮಾಡಿಕೊಂಡ ಹಿರಿಯರೊಬ್ಬರಿದ್ದಾರೆ. ಈಗ ಬೈಂಡಿಂಗ್ ನೋಡಿಕೊಳ್ಳುತ್ತಾರೆ. ಅವರು ಅಂಟಿನ ಕೈ ಒರೆಸಿಕೊಳ್ಳುತ್ತ ಹೇಳಿದ್ದು ಕೇಳಿ: "ನಮ್ ಕಾಲದಾಗೆ ಒಂದು ಅಕ್ಷರದ ಮೊಳೆ ಮುಗೀತು ಅಂದ್ರೆ, ಆ ಜಾಗಕ್ಕೆ ಬೇರೆ ಮೊಳೆ ತಲೆಕೆಳಗೆ ಇಡ್ತಿದ್ವಿ. ಕರಡಿನಾಗೆ ಅಲ್ಲಿ ಕರೀ ಮಚ್ಚೆ ಬೀಳ್ತಿತ್ತು. ಯಾರ್ ನೋಡಿದ್ರೂ ಇಲ್ಲಿ ಏನೋ ಬಾಕಿ ಐತಿ ಅಂತ ತಿಳೀತಿತ್ತು."

ಎಲ್ಲಿ ತಪ್ಪೋ ಅಲ್ಲೇ ಗುರುತು. ಈ ಬುದ್ಧಿ ಕಂಪ್ಯೂಟರಿಗೆ ಬಾರದ್ದೇನಲ್ಲ. ಇನ್‌ಡಿಸೈನ್ ಎಂಬ ಪ್ರೋಗ್ರಾಮಿನಲ್ಲಿ ಫಾಂಟು ಸಿಗದ ಅಕ್ಷರಗಳ ಹಿಂದೆ ಗುಲಾಬಿ ಬಣ್ಣ ಬಳಿದು ತೋರಿಸುತ್ತದೆ. ಸಾಲು ಚೌಕಟ್ಟು ಮೀರಿದರೆ ಕೆಂಪು ಗುರುತು ಬೀಳುತ್ತದೆ. ಪರದೆಯ ಕೆಳಗೆ ಒಂದು ಚುಕ್ಕೆ ಇದೆ: ಎಲ್ಲ ಸರಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ನಮ್ಮ ಸಣ್ಣ ಪ್ರೆಸ್ಸುಗಳಲ್ಲಿ ಅದಕ್ಕೆ ಹಣ ಕಟ್ಟುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಲಗ್ನಪತ್ರಿಕೆಯಲ್ಲಿ ಹೋದದ್ದು ಒಂದು ಸಾಲು. ಬೇರೆ ಕಡೆ ಪ್ರಾಣವೇ ಹೋಗಿದೆ. ಕೆನಡಾದ ಸರ್ಕಾರಿ ಕಂಪನಿಯೊಂದು ಥೆರಾಕ್-25 ಎಂಬ ಯಂತ್ರ ಮಾಡಿತ್ತು. ಕ್ಯಾನ್ಸರ್ ಗಡ್ಡೆಗೆ ವಿಕಿರಣ ಕೊಡುವ ಯಂತ್ರ. 1985ರಿಂದ 1987ರೊಳಗೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಅದು ಮಿತಿಮೀರಿ ವಿಕಿರಣ ಸುರಿಯಿತು. 1986ರ ಮಾರ್ಚಿನಲ್ಲಿ ಟೆಕ್ಸಾಸಿನ ಟೈಲರ್ ಎಂಬ ಊರಿನಲ್ಲಿ ಚಿಕಿತ್ಸೆ ನಡೆಯುವಾಗ ಯಂತ್ರ ನಿಂತು, ಪರದೆಯ ಮೇಲೆ "ದೋಷ 54" ಎಂದು ಬಂತು. ಆ ಯಂತ್ರ ಸಣ್ಣ ಪುಟ್ಟದ್ದಕ್ಕೆಲ್ಲ ಇಂಥ ನಂಬರು ತೋರಿಸಿ ನಿಲ್ಲುವುದು ಮಾಮೂಲು. ನಂಬರಿನ ಅರ್ಥ ಏನೆಂದು ಕೈಪಿಡಿಯಲ್ಲೂ ಸರಿಯಾಗಿ ಇರಲಿಲ್ಲ. ನಡೆಸುವವರು ಎಂದಿನಂತೆ ಮುಂದುವರಿಸುವ ಗುಂಡಿ ಒತ್ತಿದರು. ರೋಗಿಗೆ ಎರಡನೇ ಏಟು ಬಿತ್ತು. ಕೆಲವು ತಿಂಗಳಲ್ಲಿ ಆತ ತೀರಿಹೋದ. ಆಮೇಲೆ ಗೊತ್ತಾಯಿತು, ಮೂಲ ದೋಷ ಪ್ರೋಗ್ರಾಮಿನಲ್ಲೇ ಇತ್ತು: ಪಳಗಿದ ಕೈ ಬೇಗ ಬೇಗ ವಿವರ ತಿದ್ದಿದರೆ ಯಂತ್ರ ಗೊಂದಲಕ್ಕೆ ಬೀಳುತ್ತಿತ್ತು. ಪಳಗಿದ್ದೂ ತಪ್ಪಾಯಿತು ನೋಡಿ.

ಅದಕ್ಕೂ ಮೊದಲು, 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತದಲ್ಲಿ ಆರಂಭದಲ್ಲೇ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಕೂಗಿದವು. ಮುಖ್ಯವಲ್ಲದ್ದನ್ನು ಸುಮ್ಮನಾಗಿಸುವ ದಾರಿಯೇ ಇರಲಿಲ್ಲವೆಂದು ಅಧ್ಯಕ್ಷ ಕಾರ್ಟರ್ ನೇಮಿಸಿದ ಆಯೋಗ ಬರೆದಿದೆ. ವಿಂಡೋಸ್ ವಿಸ್ಟಾ 2007ರಲ್ಲಿ ಮಾರುಕಟ್ಟೆಗೆ ಬಂದಾಗ ಹೆಜ್ಜೆಹೆಜ್ಜೆಗೂ ಅಪ್ಪಣೆ ಕೇಳುತ್ತದೆಂದು ಜನ ಬೈದು, 2009ರ ವಿಂಡೋಸ್ 7ರಲ್ಲಿ ಕಂಪನಿಯೇ ಆ ಕಾಟವನ್ನು ಕಡಿಮೆ ಮಾಡಿತು. ಅಂದರೆ ಮಾಡುವವರಿಗೂ ಇದು ಗೊತ್ತಿರುವ ವಿಷಯ.

ಗೊತ್ತಿದ್ದೂ ಬಾಕ್ಸು ಏಕೆ ನಿಂತಿಲ್ಲ? ನನಗನಿಸುವುದು ಇಷ್ಟು: ಬಾಕ್ಸು ತೋರಿಸುವುದು ಅಗ್ಗ. ನಾಳೆ ಯಾರಾದರೂ ಕೇಳಿದರೆ "ನಾವು ಹೇಳಿದ್ದೆವಲ್ಲ, ಗಿರಾಕಿ ಓಕೆ ಒತ್ತಿದ್ದಾರೆ" ಎನ್ನಬಹುದು. ನಮ್ಮ ಪ್ರೆಸ್ ಮಾಲೀಕರು ಹೇಳಿದ್ದೂ ಅಕ್ಷರಶಃ ಅದೇ ಮಾತು.

"ಮತ್ತೆ ತೋರಿಸಬೇಡ" ಎಂಬ ಚೌಕಕ್ಕೆ ಟಿಕ್ ಹಾಕಬಾರದೇ ಎಂದು ಹುಡುಗನನ್ನು ಕೇಳಿದೆ. ಕೆಲವಕ್ಕೆ ಆ ಚೌಕವೇ ಇಲ್ಲವಂತೆ. ಇರುವುದಕ್ಕೆ ಹಾಕಿದರೆ, ನಿಜವಾಗಿ ಬೇಕಾದ ದಿನವೂ ಅದು ಬರುವುದಿಲ್ಲ. "ಆಗ ಪೂರಾ ಸಂಬಳಾನೇ ಕಡೀತಾರೆ ಸಾರ್" ಎಂದು ನಕ್ಕ. ಆ ದಿನ ಅವನು ನಕ್ಕಿದ್ದು ಅದೊಂದೇ ಸಲ.

ಮದುವೆ, ಗೃಹಪ್ರವೇಶ, ಅಂಗಡಿ ಉದ್ಘಾಟನೆ ಇಟ್ಟುಕೊಂಡವರು ಒಂದು ಕೆಲಸ ಮಾಡಬಹುದು. ಮೊಬೈಲಿಗೆ ಬಂದ ಚಿತ್ರಕ್ಕೆ ಸರಿ ಎನ್ನಬೇಡಿ. ಅಚ್ಚಿಗೆ ಹೋಗುವ ಕಂಪ್ಯೂಟರಿನಿಂದಲೇ ಒಂದು ಕಾಗದ ತೆಗೆಸಿ, ಕೊನೆಯ ಸಾಲಿನಿಂದ ಮೇಲಕ್ಕೆ ಓದಿ, ಸಹಿ ಹಾಕಿ. ಪ್ರೆಸ್ಸಿನವರು ಫೈಲನ್ನು ಫಾಂಟು ಸಮೇತ ಪಿಡಿಎಫ್ ಮಾಡಿಯೋ, ಅಕ್ಷರಗಳನ್ನು ಗೆರೆಚಿತ್ರವಾಗಿ ಬದಲಿಸಿಯೋ ಒಳಗಿನ ಕಂಪ್ಯೂಟರಿಗೆ ಕೊಟ್ಟರೆ ಫಾಂಟಿನ ಹಂಗೇ ಇಲ್ಲ. ಗೆರೆಚಿತ್ರವಾದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ, ಆದ್ದರಿಂದ ಮೂಲ ಫೈಲು ಬೇರೆ ಇಟ್ಟಿರಬೇಕು. ಐದು ನಿಮಿಷದ ಕೆಲಸ. ಆ ಐದು ನಿಮಿಷ ಹುಡುಗನಿಗೆ ಕೊಡುವವರು ಮಾಲೀಕರು.

ಮೊನ್ನೆ ಮತ್ತೆ ಆ ಕಡೆ ಹೋಗಿದ್ದೆ. ಕಂಪ್ಯೂಟರಿನ ಪರದೆಯ ಅಂಚಿಗೆ ಒಂದು ರಟ್ಟಿನ ತುಂಡು ಅಂಟಿಸಿದ್ದರು. "ಫಾಂಟ್ ಇಲ್ಲ ಅಂದ್ರೆ ನಿಲ್ಲು" ಎಂದು ಮಾರ್ಕರಿನಲ್ಲಿ ದಪ್ಪಗೆ, ಕನ್ನಡದಲ್ಲಿ. ಬರೆದವರು ಬೈಂಡಿಂಗ್ ಹಿರಿಯರು. ಕಡಿದ ಹಣ ವಾಪಸು ಕೊಟ್ಟಿರೇನು ಎಂದು ಮಾಲೀಕರನ್ನು ಕೇಳಿದೆ. ಗಲ್ಲಾಪೆಟ್ಟಿಗೆ ಮುಚ್ಚುತ್ತ, "ಈ ಲಗ್ನದ ಸೀಜನ್ ಮುಗೀಲಿ, ನೋಡಾನ" ಎಂದರು. ಹುಡುಗ ಒಳಗೆ ಇನ್ನಾರದೋ ಲಗ್ನಪತ್ರಿಕೆ ತೆರೆಯುತ್ತಿದ್ದ.