ನಮ್ಮೂರಿನ ರೈಲು ನಿಲ್ದಾಣ

ಹೋದ ಬೇಸಿಗೆಯ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ನನ್ನ ಹುಟ್ಟೂರಾದ ಅರಸಾಳಿಗೆ ಹೋಗಿದ್ದೆ. ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ಕಂಡೊಡನೆ ಆಕೆ, "ಅಜ್ಜ, ನೀವು ಮಾಲ್ಗುಡಿಯವರಾ?" ಎಂದು ಕೇಳಿದಳು. ನಾನು ನಕ್ಕು ಸುಮ್ಮನಾದೆ. ಅಂದು ಕೊಡದ ಉತ್ತರವನ್ನು ಇಂದು ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇನೆ.

ಅರಸಾಳು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಚಿಕ್ಕ ಊರು. ರೈಲು ಮಾರ್ಗದಲ್ಲಿ ಕುಂಸಿಗೂ ಆನಂದಪುರಕ್ಕೂ ನಡುವೆ ಬರುತ್ತದೆ. ಬೀರೂರಿನಿಂದ ಶಿವಮೊಗ್ಗದವರೆಗೆ 1899ರಲ್ಲಿಯೇ ರೈಲು ಬಂದಿತ್ತು. ಅಲ್ಲಿಂದ ಮುಂದಕ್ಕೆ, ಮಲೆನಾಡಿನ ಕಾಡನ್ನು ಸೀಳಿಕೊಂಡು ಸಾಗರ, ತಾಳಗುಪ್ಪಗಳನ್ನು ಮುಟ್ಟಲು ಸುಮಾರು ನಾಲ್ಕು ದಶಕಗಳೇ ಹಿಡಿದವು. ಮೈಸೂರು ಸಂಸ್ಥಾನದ ರೈಲ್ವೆಯ ಕಾಲದಲ್ಲಿ ಹಾಕಿದ ಆ ಹಳಿಯ ಅಗಲ ಒಂದು ಮೀಟರು ಮಾತ್ರ. 1951ರಲ್ಲಿ ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ನಾನು ಕಣ್ಣುಬಿಟ್ಟದ್ದು ಅದಾದ ಏಳು ವರ್ಷಗಳ ಮೇಲೆ.

ನನ್ನ ಬಾಲ್ಯದ ನಿಲ್ದಾಣವೆಂದರೆ ಹೆಂಚಿನ ಮಾಡು, ಟಿಕೆಟಿನ ಕಿಂಡಿ, ಒಂದೆರಡು ಮರದ ಬೆಂಚು, ಮಳೆಗಾಲದಲ್ಲಿ ಒದ್ದೆ ಕಂಬಳಿಯ ವಾಸನೆ. ಸಂಜೆಯಾದರೆ ಸೀಮೆಎಣ್ಣೆಯ ದೀಪ ಹಿಡಿದ ಆಳು ಸಿಗ್ನಲ್ ಕಂಬವನ್ನೇರುತ್ತಿದ್ದ. ಹುಡುಗರಾದ ನಮಗೆ ಎಲ್ಲಕ್ಕಿಂತ ಹೆಚ್ಚಿನ ಕುತೂಹಲವಿದ್ದದ್ದು ಸ್ಟೇಷನ್ ಮಾಸ್ತರರ ಕೋಣೆಯಲ್ಲಿದ್ದ ಟೋಕನ್ ಯಂತ್ರದ ಬಗೆಗೆ.

ಅದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಒಂಟಿ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗಿ ಬಂದರೆ ಅನಾಹುತ ತಪ್ಪಿದ್ದಲ್ಲ. ಅದನ್ನು ತಡೆಯಲು ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ತಂತಿಯಿಂದ ಬೆಸೆದ ಜೋಡಿ ಯಂತ್ರಗಳನ್ನಿಡುತ್ತಿದ್ದರು. ಆ ಕಡೆಯ ಮಾಸ್ತರರು ಒಪ್ಪಿಗೆ ಕೊಟ್ಟ ಹೊರತು ಈ ಕಡೆಯ ಯಂತ್ರದಿಂದ ಟೋಕನ್ ಹೊರಬಾರದು. ಒಂದು ಹೊರಬಂದ ಮೇಲೆ, ಅದು ಮರಳಿ ಯಂತ್ರವನ್ನು ಸೇರುವ ತನಕ ಮತ್ತೊಂದು ಬಾರದು. ಟೋಕನ್ ಕೈಸೇರದೆ ಚಾಲಕ ಗಾಡಿ ಬಿಡುವಂತಿಲ್ಲ. ಅದರ ಮೇಲೆ ಎರಡು ನಿಲ್ದಾಣಗಳ ಹೆಸರುಗಳನ್ನು ಕೆತ್ತಿರುತ್ತಿತ್ತು. ಚಾಲಕ ಆ ಹೆಸರುಗಳನ್ನು ಓದಿ ಖಚಿತಪಡಿಸಿಕೊಂಡೇ ಹೊರಡಬೇಕು. ಊರಿನ ಹೆಸರು ತಪ್ಪಾದರೆ ನೂರಾರು ಜನರ ಪ್ರಾಣಕ್ಕೆ ಸಂಚಕಾರ.

ಹೆಸರಿನ ಬೆಲೆಯನ್ನು ನಾನು ಇನ್ನೊಂದು ರೀತಿಯಲ್ಲಿಯೂ ಅರಿತೆ. ನನ್ನ ತಾಯಿಯ ತವರು ಸಾಗರದಿಂದಾಚೆ, ಶರಾವತಿಯ ಕಣಿವೆಯಲ್ಲಿತ್ತು. ಅಜ್ಜಿಯ ಮನೆಗೆ ಹೊರಟೆವೆಂದರೆ ಪಶ್ಚಿಮದ ಗಾಡಿ ಹತ್ತಿ ಸಾಗರದಲ್ಲಿ ಇಳಿಯಬೇಕು. ಕೊನೆಯ ಸಲ ಹೋದಾಗ ನನಗೆ ಐದು ವರ್ಷ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಹಿನ್ನೀರು ಏರಿ, ಆ ಮನೆ, ಗದ್ದೆ, ಅಡಿಕೆ ತೋಟಗಳೆಲ್ಲ ಮುಳುಗಿದವು. ನಾಡಿಗೆ ಬೆಳಕು ಬಂದಿತು, ನಿಜ. ಮಾವಂದಿರಿಗೆ ಶಿವಮೊಗ್ಗದ ಕಡೆ ಕಾಡು ಕಡಿದ ನೆಲ ದೊರೆಯಿತು. ಆಮೇಲೆ ಅಜ್ಜಿಯನ್ನು ನೋಡಲು ನಾವು ಅದೇ ನಿಲ್ದಾಣದಿಂದ ಪೂರ್ವದ ಗಾಡಿ ಹತ್ತತೊಡಗಿದೆವು. ಗಾಡಿಗೆ ಕಾಯುವಾಗ ಅಮ್ಮ ಮಾತ್ರ ಬೆಂಚಿನ ಮೇಲೆ ಎಂದಿನಂತೆ ಸಾಗರದ ಕಡೆಗೇ ಮುಖ ಮಾಡಿ ಕೂರುತ್ತಿದ್ದಳು. "ಆ ಕಡೆ ಏನಿದೆಯಮ್ಮ?" ಎಂದು ಒಮ್ಮೆ ಕೇಳಿದ್ದೆ. ಆಕೆ ತನ್ನ ತವರೂರಿನ ಹೆಸರು ಹೇಳಿದಳು, ಅಷ್ಟೇ. ಆ ಊರು ಉಳಿದದ್ದು ಅಂಥವರ ಬಾಯಲ್ಲಿ ಮಾತ್ರ.

ಇನ್ನು ಮಾಲ್ಗುಡಿಯ ಮಾತು. ಆರ್. ಕೆ. ನಾರಾಯಣರು 1930ರಲ್ಲಿ ಬೆಂಗಳೂರಿನಲ್ಲಿ ತಮ್ಮ ಮೊದಲ ಕಾದಂಬರಿಯನ್ನು ಬರೆಯಲು ಕುಳಿತಾಗ, ಪುಟ್ಟ ನಿಲ್ದಾಣವೊಂದಕ್ಕೆ ರೈಲು ಬರುವ ಚಿತ್ರ ಮನಸ್ಸಿಗೆ ಹೊಳೆಯಿತಂತೆ. ಆ ನಿಲ್ದಾಣದ ಹೆಸರೇ ಮಾಲ್ಗುಡಿ. 1980ರ ದಶಕದಲ್ಲಿ ಶಂಕರನಾಗ್ ಅವರು ಆ ಕಥೆಗಳನ್ನು ದೂರದರ್ಶನಕ್ಕೆ ಅಳವಡಿಸಿದಾಗ ಆಗುಂಬೆ ಮಾಲ್ಗುಡಿಯ ಬೀದಿಯಾಯಿತು, ನಮ್ಮ ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ಮೀಟರ್ ಗೇಜಿನ ಕಡೆಗಾಲದಲ್ಲಿ ಈ ಹಳಿಯ ಮೇಲೆ ರೈಲ್‌ಬಸ್ಸು ಓಡಾಡಿತು. 2011ರ ವೇಳೆಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಬಂದಿತು. ಕೆಲಸವಿಲ್ಲದ ಹಳೆಯ ಕಟ್ಟಡ ಪಾಳುಬಿದ್ದಿತ್ತು. ಅದನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದರು.

ಇದರಿಂದ ನನಗೆ ಸಂತೋಷವೇ ಆಗಿದೆ. ಕಥೆಯೊಂದು ಕೈಹಿಡಿಯದಿದ್ದರೆ ಆ ಗೋಡೆಗಳು ಎಂದೋ ಮಣ್ಣು ಸೇರುತ್ತಿದ್ದವು. ಇಲ್ಲದ ಊರೊಂದು ಇರುವ ಊರನ್ನು ಉಳಿಸಿತು. ಸಾಹಿತ್ಯ ಕಲಿಸಿ ಬದುಕಿದ ನನಗೆ ಇದಕ್ಕಿಂತ ಸಮಾಧಾನ ಬೇರೆ ಬೇಕೆ? ಆದರೂ ಒಂದು ಅಳುಕು ಉಂಟು. ತಾಯಿಯ ಊರು ನೀರಿನಲ್ಲಿ ಮುಳುಗಿತು, ನನ್ನದು ಕೀರ್ತಿಯಲ್ಲಿ ಮುಳುಗಬಾರದು. ಮೂರನೆಯ ದರ್ಜೆಯ ಡಬ್ಬಿಯಲ್ಲಿ ನಿಂತು ಶಿವಮೊಗ್ಗದ ಆಸ್ಪತ್ರೆಗೆ ಹೋದವರು, ಗಂಟುಮೂಟೆ ಹೊತ್ತು ಇಲ್ಲಿ ಇಳಿದ ಮುಳುಗಡೆಯ ಕುಟುಂಬದವರು, ಮಳೆಯಲ್ಲಿ ದೀಪ ಹಚ್ಚಿದವರು ಕಥೆಯ ಪಾತ್ರಗಳಲ್ಲ. ಅವರ ನೆನಪು ಇರುವುದು ಅರಸಾಳು ಎಂಬ ಹೆಸರಿನೊಡನೆ.

ಮೊಮ್ಮಗಳು ಮತ್ತೆ ಕೇಳಿದರೆ ಹೇಳುವೆ: "ಇಲ್ಲ ಮಗು, ನಾನು ಅರಸಾಳಿನವನು. ಮಾಲ್ಗುಡಿ ನಮ್ಮ ಮನೆಗೆ ಬಂದು ನಿಂತ ನೆಂಟ. ನೆಂಟನನ್ನು ಆದರಿಸೋಣ, ಮನೆಯವರ ಹೆಸರನ್ನೂ ಮರೆಯದಿರೋಣ."